ಸಾಕಲಾಗದ ನಾಯಿಗೆ ಮೈಸೂರಿನಲ್ಲಿ ದಾರಿ ಯಾವುದು?

ಪ್ರಾಣಿಗಳ ಶೆಲ್ಟರ್ ನಡೆಸುವವರಿಗೆ ಬರುವ ಫೋನ್ ಕರೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ರಸ್ತೆಯಲ್ಲಿ ಗಾಡಿ ಗುದ್ದಿ ನಾಯಿ ಬಿದ್ದಿದೆ, ಬೇಗ ಬನ್ನಿ ಎನ್ನುವುದು ಒಂದು. ಇನ್ನೊಂದು ಸ್ವಲ್ಪ ಹಿಂಜರಿಕೆಯಿಂದಲೇ ಶುರುವಾಗುತ್ತದೆ. "ಸಾರ್, ನಮ್ಮನೇಲಿ ಒಂದು ಲ್ಯಾಬ್ ಇದೆ, ಎರಡು ವರ್ಷ. ತುಂಬಾ ಒಳ್ಳೇ ನಾಯಿ. ನೀವೇನಾದ್ರೂ ತಗೋತೀರಾ?" ಕಾರಣ ಆಮೇಲೆ ಬರುತ್ತದೆ. ಲೀಸ್ ಮುಗಿಯಿತು, ಹೊಸ ಮನೆ ಓನರ್ ಒಪ್ಪುತ್ತಿಲ್ಲ. ಬೆಂಗಳೂರಿಗೆ ವರ್ಗವಾಯಿತು. ಮಗಳು ಬಾಣಂತನಕ್ಕೆ ಬರುತ್ತಿದ್ದಾಳೆ. ಅಪ್ಪ ಹೋಗಿಬಿಟ್ಟರು, ಅಮ್ಮನ ಕೈಲಿ ಆಗುತ್ತಿಲ್ಲ. ಯಾವಾಗ ತಂದು ಬಿಡಬೇಕು ಅಂತಿದ್ದೀರಿ ಎಂದು ಕೇಳಿದರೆ ನಾಳೆ ಎನ್ನುತ್ತಾರೆ, ಇಲ್ಲವೇ ಈ ಭಾನುವಾರದೊಳಗೆ.

ಸಮಸ್ಯೆಯ ಬೇರು ಆ ಕೊನೆಯ ಉತ್ತರದಲ್ಲಿದೆ. ಲೀಸ್ ಯಾವತ್ತು ಮುಗಿಯುತ್ತದೆಂದು ಅಗ್ರಿಮೆಂಟಿನಲ್ಲೇ ಬರೆದಿರುತ್ತದೆ. ಹೆರಿಗೆಗೆ ತಿಂಗಳುಗಟ್ಟಲೆ ಕಾಲಾವಕಾಶ ಇರುತ್ತದೆ. ಹಾಗಿದ್ದೂ ನಾಯಿಯ ಮಾತು ಬರುವುದು ಸಾಮಾನು ಲಾರಿಗೆ ಹೇರುವ ವಾರದಲ್ಲಿ. ಅಷ್ಟು ಹೊತ್ತಿಗೆ ಉಳಿಯುವುದು ಎರಡೇ ದಾರಿ: ಶೆಲ್ಟರಿನ ಗೇಟು, ಅದು ತೆರೆಯದಿದ್ದರೆ ರಿಂಗ್ ರಸ್ತೆಯ ಬದಿ. ಸಾಕಿದ ಪ್ರಾಣಿಯನ್ನು ಬಿಡುವವರನ್ನೆಲ್ಲ ಕಟುಕರೆಂದು ಬೈದು ಸುಮ್ಮನಾಗುವುದು ನಮಗೆ ಅಭ್ಯಾಸವಾಗಿದೆ. ಆ ಬೈಗುಳದಿಂದ ಒಂದು ನಾಯಿಯೂ ಉಳಿದಂತೆ ಕಾಣೆ. ಮನೆಗೂ ಶೆಲ್ಟರಿಗೂ ನಡುವೆ ಇರಬೇಕಾದ ಮೆಟ್ಟಿಲುಗಳು ನಮ್ಮ ಊರಿನಲ್ಲಿ ಇಲ್ಲ. ಅವನ್ನು ಕಟ್ಟುವ ಕೆಲಸವನ್ನು ಪಾಲಿಕೆ, ಪಶುವೈದ್ಯರು, ಬಡಾವಣೆಯ ಸಂಘಗಳು ಮತ್ತು ನಾಯಿ ಸಾಕುವ ನಾವು ಸೇರಿ ಮಾಡಬೇಕು ಎಂಬುದು ನನ್ನ ವಾದ.

ಇದು ಈಗ ತುರ್ತಾಗಲು ಕಾರಣವಿದೆ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ದೆಹಲಿ ಮತ್ತು ಸುತ್ತಲಿನ ಬೀದಿನಾಯಿಗಳನ್ನು ಹಿಡಿದು ಶೆಲ್ಟರಿನಲ್ಲಿ ಇಡಬೇಕೆಂದು ಹೇಳಿತು. ಅದೇ ತಿಂಗಳ 22ರಂದು ಮೂವರ ಪೀಠ ಅದನ್ನು ಬದಲಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಮುಗಿದ ಮೇಲೆ ಹಿಡಿದ ಜಾಗಕ್ಕೇ ಬಿಡಬೇಕು, ರೇಬೀಸ್ ಇರುವ ಅಥವಾ ತೀರಾ ಆಕ್ರಮಣಕಾರಿಯಾದ ನಾಯಿಗಳನ್ನು ಮಾತ್ರ ಬಿಡಬಾರದು ಎಂದಿತು. ನವೆಂಬರ್ 7ರ ಆದೇಶ ಮತ್ತೂ ಮುಂದೆ ಹೋಯಿತು. ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಲ್ಲಿರುವ ನಾಯಿಗಳನ್ನು ಹಿಡಿದು ಶೆಲ್ಟರಿಗೆ ಸಾಗಿಸಬೇಕು, ಮತ್ತೆ ಅಲ್ಲಿಗೆ ಬಿಡಬಾರದು ಎಂದು ಇಡೀ ದೇಶಕ್ಕೆ ಅನ್ವಯವಾಗುವಂತೆ ಹೇಳಿತು. ಮೈಸೂರು ಶಾಲೆ ಕಾಲೇಜು, ಆಸ್ಪತ್ರೆಗಳ ಊರು. ಮಾನಸಗಂಗೋತ್ರಿಯ ಆವರಣ ಒಂದನ್ನೇ ನೆನೆದರೂ ಇದು ಎಷ್ಟು ದೊಡ್ಡ ಕೆಲಸವೆಂದು ಗೊತ್ತಾಗುತ್ತದೆ. ಈ ಆದೇಶದ ತಪ್ಪು ಒಪ್ಪು ಬೇರೆ ಚರ್ಚೆ. ಒಂದಂತೂ ಖಚಿತ: ಪಂಜರದ ಜಾಗಕ್ಕೆ ಬೀದಿನಾಯಿಗಳ ಸಾಲು ಮೊದಲು ನಿಲ್ಲುತ್ತದೆ. ಮನೆಯಲ್ಲಿ ಬೇಡವಾದ ಲ್ಯಾಬ್, ಪಗ್, ಹಸ್ಕಿಗಳ ಸರದಿ ಅದರ ಹಿಂದೆ.

ಶೆಲ್ಟರಿನ ಲೆಕ್ಕ ಹೇಗೆ ನಡೆಯುತ್ತದೆಂದು ಹೊರಗಿನವರಿಗೆ ತಿಳಿದಿರುವುದು ಕಡಿಮೆ. ಅಮೆರಿಕದಲ್ಲಿ ಜಾಗ ತುಂಬಿದರೆ ಆರೋಗ್ಯವಾಗಿರುವ ನಾಯಿ, ಬೆಕ್ಕುಗಳಿಗೂ ಇಂಜೆಕ್ಷನ್ ಕೊಟ್ಟು ಸಾಯಿಸುವ ಪದ್ಧತಿ ಹಲವು ಕಡೆ ಇಂದಿಗೂ ಉಳಿದಿದೆ. ನಮ್ಮಲ್ಲಿ ಹಾಗೆ ಮಾಡುವಂತಿಲ್ಲ. 2001ರ ನಿಯಮಗಳ ಜಾಗಕ್ಕೆ 2023ರ ಮಾರ್ಚ್‌ನಲ್ಲಿ ಬಂದ ಪ್ರಾಣಿ ಜನನ ನಿಯಂತ್ರಣ ನಿಯಮಗಳು ದಯಾಮರಣವನ್ನು ವಾಸಿಯಾಗದ ಕಾಯಿಲೆ ಮತ್ತು ಬದುಕಲಾರದಷ್ಟು ದೊಡ್ಡ ಗಾಯಕ್ಕೆ ಸೀಮಿತಗೊಳಿಸಿವೆ. ಇದು ಒಳ್ಳೆಯ ನಿಲುವು, ನಾವು ಬಿಟ್ಟುಕೊಡಬಾರದ ನಿಲುವು. ಆದರೆ ಇದರ ಅರ್ಥವನ್ನು ಪೂರ್ತಿ ಯೋಚಿಸಬೇಕು. ಒಳಗೆ ಬಂದ ನಾಯಿ ಯಾರಾದರೂ ದತ್ತು ತೆಗೆದುಕೊಂಡರೆ ಹೊರಗೆ ಹೋಗುತ್ತದೆ, ಇಲ್ಲವಾದರೆ ಸಾಯುವವರೆಗೂ ಅಲ್ಲೇ ಇರುತ್ತದೆ. ಲ್ಯಾಬ್ರಡಾರ್ ಹತ್ತು ಹನ್ನೆರಡು ವರ್ಷ ಬಾಳುವ ನಾಯಿ. ಎರಡು ವರ್ಷದ್ದನ್ನು ಇವತ್ತು ಒಳಗೆ ಬಿಟ್ಟುಕೊಂಡರೆ ಆ ಜಾಗ ಮುಂದಿನ ಎಂಟು ಹತ್ತು ವರ್ಷ ಇನ್ನೊಂದಕ್ಕೆ ಸಿಗದೆ ಹೋಗಬಹುದು. ಊಟ, ಔಷಧಿ, ಆಳಿನ ಕೂಲಿ ಎಲ್ಲ ಸೇರಿ ದಿನಕ್ಕೆ ನೂರು ರೂಪಾಯಿ ಎಂದಿಟ್ಟುಕೊಂಡರೂ ವರ್ಷಕ್ಕೆ 36,500, ಹತ್ತು ವರ್ಷಕ್ಕೆ 3,65,000 ರೂಪಾಯಿ. ಬಿಡಲು ಬಂದವರು ಮನಸ್ಸು ಮಾಡಿ ಐದು ಸಾವಿರ ಕೈಗಿಟ್ಟರೆ ಅದು ಎರಡು ತಿಂಗಳಿಗೂ ಸಾಲುವುದಿಲ್ಲ. "ತಗೊಳ್ಳೋಕಾಗಲ್ಲ" ಎಂದು ಶೆಲ್ಟರಿನವರು ಹೇಳಿದಾಗ ನಮಗೆ ಕೇಳಿಸುವ ಕಠಿಣತೆಯ ಹಿಂದೆ ಈ ಲೆಕ್ಕವಿರುತ್ತದೆ.

ದತ್ತು ಕೇಳಿ ಬರುವವರಿಗೆ ಬೇಕಿರುವುದು ಮರಿ, ಅದರಲ್ಲೂ ಗಂಡು ಮರಿ. ಆರು ವರ್ಷದ, ಸೊಂಟ ನೋಯುವ, ಚರ್ಮದ ಅಲರ್ಜಿಯಿರುವ ಹೆಣ್ಣು ಲ್ಯಾಬನ್ನು ಕೇಳಿ ಬರುವವರು ಅಪರೂಪ.

ಒಳಗೆ ಹೋದ ನಾಯಿಗೆ ಏನಾಗುತ್ತದೆ? ಸೋಫಾದ ಕೆಳಗೆ ಮಲಗಿ, ಮೊಸರನ್ನ, ಬೇಯಿಸಿದ ಕೋಳಿ ತಿಂದು, ಒಂದು ಮನೆಯ ನಾಲ್ಕು ಜನರ ದನಿ ಕೇಳಿ ಬೆಳೆದ ಪ್ರಾಣಿ ಅದು. ಹತ್ತಾರು ನಾಯಿಗಳು ಒಟ್ಟಿಗೆ ಬೊಗಳುವ ಜಾಗಕ್ಕೆ ಏಕಾಏಕಿ ಹೋಗುತ್ತದೆ. ಮೊದಲ ಮೂರು ದಿನ ಅದರ ಮೈಯಲ್ಲಿ ಭಯದ ಹಾರ್ಮೋನುಗಳ ಮಟ್ಟ ತೀರಾ ಮೇಲಿರುತ್ತದೆಂದು ಪಶುವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ಕೆಲವು ಊಟ ಬಿಡುತ್ತವೆ, ಕೆಲವು ಮೂಲೆ ಸೇರಿ ಯಾರು ಬಂದರೂ ಗುರ್ ಎನ್ನುತ್ತವೆ. ದತ್ತು ನೋಡಲು ಬಂದವರ ಕಣ್ಣಿಗೆ ಆಗ ಅದು "ಸಿಟ್ಟಿನ ನಾಯಿ". ಒತ್ತಡದಲ್ಲಿ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಪಾರ್ವೊ, ಡಿಸ್ಟೆಂಪರ್, ಕೆನಲ್ ಕಾಫ್‌ನಂಥ ಸೋಂಕುಗಳು ಎಷ್ಟೇ ಶುಚಿಯಾಗಿಟ್ಟರೂ ನಾಯಿಗಳು ಗುಂಪಾಗಿರುವ ಕಡೆ ಸುತ್ತುತ್ತಲೇ ಇರುತ್ತವೆ. ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದು. ಲಸಿಕೆ ಬಿಟ್ಟುಹೋದ ನಾಯಿಯನ್ನು ನೇರ ತಂದು ಬಿಟ್ಟರೆ ಅದರ ಜೀವಕ್ಕೂ ಅಪಾಯ, ಅಲ್ಲಿರುವ ಮರಿಗಳಿಗೂ ಅಪಾಯ. ಬೆಕ್ಕುಗಳ ಕಷ್ಟ ಇನ್ನೂ ಹೆಚ್ಚು. ಜಾಗ ಬದಲಾದ ಬೆಕ್ಕು ಅನ್ನನೀರು ಬಿಟ್ಟು ಕೂತರೆ ಕೆಲವೇ ದಿನಗಳಲ್ಲಿ ಅದರ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಬರುತ್ತದೆ. ದಪ್ಪಗಿರುವ ಬೆಕ್ಕಿಗೆ ಈ ಅಪಾಯ ಜಾಸ್ತಿ.

ಇಷ್ಟೆಲ್ಲ ಹೇಳಿದ್ದು ಶೆಲ್ಟರುಗಳು ಕೆಟ್ಟವು ಎನ್ನಲು ಅಲ್ಲ. ಪೀಪಲ್ ಫಾರ್ ಅನಿಮಲ್ಸ್‌ನಂಥ ಸಂಸ್ಥೆ ಮೈಸೂರಿನಲ್ಲಿ ವರ್ಷಗಳಿಂದ ಗಾಯಗೊಂಡ ಪ್ರಾಣಿಗಳನ್ನು ನೋಡಿಕೊಳ್ಳುತ್ತ ಬಂದಿದೆ. ಚಾಮುಂಡಿ ಬೆಟ್ಟದ ತಪ್ಪಲಿನ ಪಿಂಜರಾಪೋಲ್ ಮುದಿ ದನಗಳಿಗೆ ನೆಲೆ ಕೊಟ್ಟ ಹಳೆಯ ಜಾಗ. ಗೇಯಲಾರದ ಎತ್ತು, ಹಾಲು ಬತ್ತಿದ ಹಸುವನ್ನು ಒಪ್ಪಿಸಲು ಒಂದು ಜಾಗ ಬೇಕು ಎಂಬುದು ಈ ಸೀಮೆಗೆ ಹಿಂದೆಯೇ ಹೊಳೆದಿತ್ತು. ದನದ ವಿಷಯದಲ್ಲಿ ಊರು ಸೇರಿ ಯೋಚಿಸಿದ ರೀತಿ ನಾಯಿಯ ವಿಷಯದಲ್ಲಿ ಇನ್ನೂ ಆಗಿಲ್ಲ. ಬೆಟ್ಟದಷ್ಟು ಕೆಲಸ ಬೆರಳೆಣಿಕೆಯ ಜನರ ತಲೆಯ ಮೇಲಿದೆ. ಅವರ ಜಾಗ ಮೀಸಲಿರಬೇಕಾದ್ದು ಬೇರೆ ಯಾರೂ ಇಲ್ಲದ, ಕಾಲು ಮುರಿದ, ಕಣ್ಣು ಹೋದ ಪ್ರಾಣಿಗಳಿಗೆ. ಸ್ವಲ್ಪ ಮುಂಚೆ ಯೋಚಿಸಿದ್ದರೆ ಬೇರೆ ಮನೆ ಸಿಗುತ್ತಿದ್ದ ನಾಯಿ ಆ ಜಾಗವನ್ನು ಹಿಡಿಯುವುದೇ ದುಃಖದ ಸಂಗತಿ.

ಜನ ಹೇಳುವ ಕಾರಣಗಳಿಗೆ ಬರೋಣ. 1990ರ ದಶಕದಲ್ಲಿ ಅಮೆರಿಕದ 12 ಶೆಲ್ಟರುಗಳಲ್ಲಿ ಸಂಶೋಧಕರು ಪ್ರಾಣಿ ಬಿಡಲು ಬಂದವರನ್ನೇ ಕೂರಿಸಿ ಕೇಳಿದ್ದರು. ನಾಯಿಗಳ ವಿಷಯದಲ್ಲಿ ಮೇಲಿನ ಸಾಲಿನಲ್ಲಿ ಬಂದ ಕಾರಣಗಳು ಮನೆ ಬದಲಾವಣೆ, ಮನೆ ಮಾಲೀಕರ ತಕರಾರು, ಖರ್ಚು. ದೇಶ ಬೇರೆ, ಕಾಲ ಬೇರೆ, ಆದರೂ ಕುವೆಂಪುನಗರದ ಬಾಡಿಗೆ ಮನೆಯಲ್ಲಿ ಕೇಳುವ ಮಾತೂ ಇದೇ. ಇಲ್ಲಿ ಒಂದು ವಿಷಯ ತಿಳಿದಿರಲಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರಕಾರ ಅಪಾರ್ಟ್‌ಮೆಂಟಿನ ಅಥವಾ ಬಡಾವಣೆಯ ಸಂಘ ನಿವಾಸಿಗಳು ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ. ಬಹುಮತದಿಂದ ಠರಾವು ಮಾಡಿದರೂ ಅದು ನಿಲ್ಲುವುದಿಲ್ಲ. ಸಂಘದ ನೋಟಿಸ್ ನೋಡಿ ಹೆದರಿ ನಾಯಿ ಬಿಡಲು ಹೊರಟವರು ಈ ಮಾರ್ಗಸೂಚಿಯ ಪ್ರತಿ ಹಿಡಿದು ಹೋಗಿ ಮಾತಾಡಬೇಕು. ಬಾಡಿಗೆ ಮನೆಯ ಓನರ್ ಹಾಕುವ ಷರತ್ತು ಬೇರೆ. ಅಲ್ಲಿ ಅಡ್ವಾನ್ಸ್ ಕೊಡುವ ಮೊದಲೇ ಕೇಳಿ, ಒಪ್ಪಿದ್ದನ್ನು ಅಗ್ರಿಮೆಂಟಿನಲ್ಲಿ ಒಂದು ಸಾಲು ಬರೆಸಿಕೊಳ್ಳದೆ ಬೇರೆ ಉಪಾಯವಿಲ್ಲ.

ನಡತೆಯ ದೂರು ಎರಡನೆಯದು. ಕಚ್ಚುತ್ತದೆ, ಬಟ್ಟೆ ಹರಿಯುತ್ತದೆ, ಒಂಟಿಯಾಗಿ ಬಿಟ್ಟರೆ ಊಳಿಡುತ್ತದೆ. ಆರು ತಿಂಗಳಿಂದ ಒಂದೂವರೆ ವರ್ಷದ ನಡುವಿನ ನಾಯಿಗಳ ಮೇಲೆ ಈ ದೂರು ಹೆಚ್ಚು. ಅದು ನಾಯಿಗೆ ಹರೆಯ ಬರುವ ಕಾಲ. ಮುದ್ದಾದ ಮರಿ ಮೂವತ್ತು ಕೆಜಿಯ ಪ್ರಾಣಿಯಾಗಿರುತ್ತದೆ, ತರಬೇತಿ ಮಾತ್ರ ಶುರುವೇ ಆಗಿರುವುದಿಲ್ಲ. ಇದಕ್ಕೆ ಇನ್ನೂ ಆಳದ ಕಾರಣ ಮರಿ ಮಾರುವ ಪದ್ಧತಿಯಲ್ಲಿದೆ. "45 ದಿನದ ಮರಿ, ರೆಡಿ ಇದೆ" ಎಂಬ ಜಾಹೀರಾತನ್ನು ಎಲ್ಲರೂ ನೋಡಿರುತ್ತಾರೆ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳಂತೆ ಎಂಟು ವಾರ, ಅಂದರೆ 56 ದಿನ ತುಂಬದ ಮರಿಯನ್ನು ಮಾರಬಾರದು. ಆ ನಡುವಿನ ದಿನಗಳಲ್ಲಿ ಮರಿ ತಾಯಿಯ ಹತ್ತಿರ, ಒಡಹುಟ್ಟಿದವುಗಳ ಜೊತೆ ಆಡುತ್ತ ಎಷ್ಟು ಗಟ್ಟಿಯಾಗಿ ಕಚ್ಚಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕಲಿಯುತ್ತದೆ. ಆ ಪಾಠ ತಪ್ಪಿಸಿ ತಂದ ಮರಿ ಮುಂದೆ ಮಕ್ಕಳ ಕೈಗೆ ಹಲ್ಲು ಹಾಕಿದರೆ ತಪ್ಪು ಮರಿಯದ್ದಲ್ಲ. ತಳಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು ಎಂದೂ ನಿಯಮ ಹೇಳುತ್ತದೆ. ನೋಂದಣಿ ಪತ್ರ ತೋರಿಸಿ ಎಂದು ಕೇಳಿ ಮರಿ ಕೊಂಡವರು ನಮ್ಮ ನಡುವೆ ಎಷ್ಟು ಜನ ಇದ್ದಾರೆ?

ದಸರೆಯ ಹೊತ್ತಿಗೆ ರೈತ ದಸರಾದ ಭಾಗವಾಗಿ ಜೆ.ಕೆ. ಮೈದಾನದಲ್ಲಿ ಸಾಕುಪ್ರಾಣಿಗಳ ಪ್ರದರ್ಶನ ನಡೆಯುತ್ತದೆ. ಹಿಮದ ನಾಡಿನ ನಾಯಿಗಳನ್ನು ಮಕ್ಕಳು ಅಲ್ಲಿ ಹತ್ತಿರದಿಂದ ನೋಡಿ ಸಂತೋಷಪಡುತ್ತಾರೆ, ಮನೆಗೆ ಬಂದು ನಮಗೂ ಬೇಕು ಎನ್ನುತ್ತಾರೆ. ಹಸ್ಕಿಗೆ ಮೈಸೂರಿನ ಏಪ್ರಿಲ್ ಬಿಸಿಲೇನು, ಅದರ ಚರ್ಮಕ್ಕೆ ತಿಂಗಳಿಗೆ ಖರ್ಚೆಷ್ಟು, ದಿನಕ್ಕೆ ಎಷ್ಟು ದೂರ ಓಡಿಸಬೇಕು ಎಂಬುದನ್ನು ಹೇಳುವ ಒಂದು ಫಲಕವನ್ನು ಪಶುಪಾಲನಾ ಇಲಾಖೆ ಅದೇ ಮೈದಾನದಲ್ಲಿ ನಿಲ್ಲಿಸಿದರೆ ಎಷ್ಟೋ ನಾಯಿಗಳಿಗೆ ಉಪಕಾರವಾಗುತ್ತದೆ. ನಮ್ಮದೇ ಮುಧೋಳ ಈ ಹವೆಗೆ ಹುಟ್ಟಿದ ತಳಿ. ಅದಕ್ಕೂ ಓಡಲು ಬಯಲು ಬೇಕು ಎನ್ನುವುದನ್ನೂ ಅಲ್ಲೇ ಹೇಳಬೇಕು.

ಬಸುರಿ, ಬಾಣಂತಿ, ಕೂಸಿನ ಕಾರಣಕ್ಕೆ ಪ್ರಾಣಿ ಬಿಡುವವರಲ್ಲಿ ಹೆಚ್ಚಿನವರು ಹಿರಿಯರ ಮಾತಿಗೆ ಮಣಿದವರು. ಗರ್ಭದಲ್ಲಿರುವ ಕೂಸಿಗೆ ತೊಂದರೆ ಮಾಡಬಲ್ಲ ಟಾಕ್ಸೋಪ್ಲಾಸ್ಮಾ ಎಂಬ ಪರೋಪಜೀವಿ ಬೆಕ್ಕಿನ ಮಲದಿಂದ ಬರಬಹುದು ಎಂಬುದು ನಿಜ. ಆದರೆ ಆ ಪರೋಪಜೀವಿ ಸೋಂಕು ತಗಲಿಸುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ಬೆಕ್ಕು ಮಲ ಮಾಡುವ ಮಣ್ಣಿನ ತಟ್ಟೆಯನ್ನು ಮನೆಯ ಬೇರೆ ಯಾರಾದರೂ ದಿನವೂ ಚೊಕ್ಕ ಮಾಡಿದರೆ ಅಪಾಯ ಬಹುಮಟ್ಟಿಗೆ ಕಳೆಯುತ್ತದೆ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪಿನಿಂದಲೂ ಅದೇ ರೋಗ ಬರುತ್ತದೆ, ಅದರ ಬಗ್ಗೆ ಮಾತು ಕಡಿಮೆ. ಮಗುವಿಗೆ ನಿಜವಾಗಿ ಅಸ್ತಮಾ ಇದ್ದು, ವೈದ್ಯರು ಪರೀಕ್ಷಿಸಿ ಹೇಳಿದರೆ ಆ ಮಾತೇ ಬೇರೆ. ಅಲ್ಲಿ ಯಾರನ್ನೂ ದೂರುವಂತಿಲ್ಲ.

ನನ್ನನ್ನು ಹೆಚ್ಚು ಕಾಡುವುದು ವೃದ್ಧರ ಮನೆಗಳ ನಾಯಿಗಳು. ಮೈಸೂರನ್ನು ಪಿಂಚಣಿದಾರರ ಊರು ಎಂದು ಕರೆದು ರೂಢಿ. ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಗೋಕುಲಂನ ಹಳೆಯ ಮನೆಗಳಲ್ಲಿ ಮಕ್ಕಳು ಓದಿ, ಕೆಲಸ ಹಿಡಿದು ಬೆಂಗಳೂರಿಗೋ ಅಮೆರಿಕಕ್ಕೋ ಹೋದ ಮೇಲೆ ಉಳಿದಿರುವುದು ಗಂಡ, ಹೆಂಡತಿ, ಮಕ್ಕಳು ಕಾಲೇಜಿನಲ್ಲಿದ್ದಾಗ ತಂದ ನಾಯಿ. ಆ ನಾಯಿಯಿಂದಾಗಿಯೇ ಯಜಮಾನರು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ರಸ್ತೆಯವರೆಗೆ ನಡೆಯುತ್ತಾರೆ, ಯಜಮಾನತಿಗೆ ಮಧ್ಯಾಹ್ನ ಮಾತಾಡಿಸಲು ಒಂದು ಜೀವವಿರುತ್ತದೆ. ಒಂದು ದಿನ ಬಚ್ಚಲಲ್ಲಿ ಜಾರಿ ಸೊಂಟ ಮುರಿಯುತ್ತದೆ, ಇಲ್ಲವೇ ಒಬ್ಬರು ತೀರಿಹೋಗುತ್ತಾರೆ. ಮಗ ಹದಿನೈದು ದಿನದ ರಜೆಯಲ್ಲಿ ಬಂದಿರುತ್ತಾನೆ. ತಿಥಿ, ಬ್ಯಾಂಕು, ಮನೆಯ ಕಾಗದಪತ್ರ, ಅಮ್ಮನನ್ನು ಕರೆದೊಯ್ಯುವ ವ್ಯವಸ್ಥೆ ಎಲ್ಲದರ ಕೊನೆಗೆ ನಾಯಿಯ ಪ್ರಶ್ನೆ ಬರುತ್ತದೆ. ಆ ಮಗನನ್ನು ಕ್ರೂರಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಮನೆಯ ಉಯಿಲು, ನಾಮಿನಿ ಎಲ್ಲ ಬರೆದಿಡುವ ನಾವು, ನಾವಿಲ್ಲದಾಗ ನಾಯಿ ಯಾರ ಮನೆಗೆ ಹೋಗಬೇಕು ಎಂಬುದನ್ನು ಬರೆದಿಟ್ಟರೆ ತಪ್ಪೇನು? ಒಪ್ಪಿಕೊಂಡ ನೆಂಟರ ಅಥವಾ ಸ್ನೇಹಿತರ ಹೆಸರು, ನಾಯಿಯ ಲಸಿಕೆ ಪುಸ್ತಕ, ನೋಡುವ ಡಾಕ್ಟರ ನಂಬರು, ಸಾಧ್ಯವಾದರೆ ಅದರ ಹೆಸರಿನಲ್ಲಿ ಒಂದಿಷ್ಟು ಹಣ. ಅರವತ್ತು ದಾಟಿದವರು ಮರಿ ತರುವ ಬದಲು ಏಳೆಂಟು ವರ್ಷದ ಸಾಧು ನಾಯಿಯನ್ನು ದತ್ತು ತೆಗೆದುಕೊಳ್ಳುವುದನ್ನೂ ಯೋಚಿಸಬಹುದು. ಇಬ್ಬರಿಗೂ ಹೊಂದುವ ವೇಗದ ಬದುಕು ಅದು.

ಶೆಲ್ಟರ್ ಸಿಗದಿದ್ದಾಗ ಈ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಬರುವ ಸಲಹೆ ಒಂದಿದೆ: "ತೋಟಕ್ಕೆ ಬಿಟ್ಬಿಡಿ, ಅಲ್ಲಿ ಆರಾಮಾಗಿರುತ್ತೆ." ಶ್ರೀರಂಗಪಟ್ಟಣದಲ್ಲೋ ಪಾಂಡವಪುರದಲ್ಲೋ ಟಿ. ನರಸೀಪುರದ ಕಡೆಯಲ್ಲೋ ಪ್ರತಿ ಮನೆಯವರಿಗೂ ತೋಟವಿರುವ ಒಬ್ಬ ನೆಂಟ ಇದ್ದೇ ಇರುತ್ತಾನೆ. ಕೇಳಲು ಹಿತವಾದ ಈ ಸಲಹೆಯ ಪರಿಣಾಮವನ್ನು ಸ್ವಲ್ಪ ನೋಡಬೇಕು. ಮಂಡ್ಯ, ಮೈಸೂರು ಜಿಲ್ಲೆಗಳ ಕಬ್ಬಿನ ಗದ್ದೆಗಳು ಇಂದು ಚಿರತೆಗಳ ಮನೆ. ಕಬ್ಬು ಎತ್ತರಕ್ಕೆ ಬೆಳೆದಾಗ ಅಲ್ಲೇ ಮರಿ ಹಾಕುತ್ತವೆ, ಕಟಾವಿನ ಕಾಲದಲ್ಲಿ ಕೂಲಿಯವರ ಕಣ್ಣಿಗೆ ಮರಿಗಳು ಬೀಳುತ್ತವೆ. ಟಿ. ನರಸೀಪುರ ತಾಲ್ಲೂಕಿನಲ್ಲಿ 2022–23ರಲ್ಲಿ ಚಿರತೆ ದಾಳಿಗೆ ಜನರೇ ಪ್ರಾಣ ಕಳೆದುಕೊಂಡರು. 2024ರ ಡಿಸೆಂಬರ್ 31ರಂದು ಮೈಸೂರಿನ ಹೆಬ್ಬಾಳದ ಇನ್ಫೋಸಿಸ್ ಆವರಣದಲ್ಲೇ ಚಿರತೆ ಕಾಣಿಸಿತು. ಊರಂಚಿನ ಚಿರತೆಗೆ ಸುಲಭವಾಗಿ ಸಿಗುವ ಬೇಟೆ ನಾಯಿ. ತೋಟದ ಮನೆಯಲ್ಲಿ ಹುಟ್ಟಿ ಬೆಳೆದ ನಾಯಿಗೆ ವಾಸನೆ, ಸದ್ದು ಗೊತ್ತು. ರಾತ್ರಿ ಮನೆಯೊಳಗೆ ಮಲಗಿ ಬೆಳೆದ ಲ್ಯಾಬ್ ಅಥವಾ ಪಗ್ ಪಂಪ್‌ಹೌಸಿನ ಪಕ್ಕ ಸರಪಳಿಯಲ್ಲಿ ಕಟ್ಟಿದ್ದರೆ ಓಡಲೂ ಆಗದೆ ಸಿಕ್ಕಿಬೀಳುತ್ತದೆ. ಚಿರತೆಯಿಂದ ಉಳಿದರೆ ಹಾವು, ಹೊಲಕ್ಕೆ ಹೊಡೆದ ಔಷಧಿ, ಉಣ್ಣಿ ಕಚ್ಚಿ ಬರುವ ಟಿಕ್ ಫೀವರ್. ನಾಯಿಯನ್ನು ಪ್ರೀತಿಯಿಂದ ನೋಡುವ, ರಾತ್ರಿ ಒಳಗೆ ಕಟ್ಟುವ ತೋಟದ ಮನೆಗಳೂ ಇವೆ, ಅಂಥವರಿಗೆ ಕೊಡಬಾರದೆಂದಲ್ಲ. ಅಲ್ಲಿ ಯಾರು ಇರುತ್ತಾರೆ, ರಾತ್ರಿ ಎಲ್ಲಿ ಮಲಗುತ್ತದೆ, ಹತ್ತಿರದ ಪಶು ಆಸ್ಪತ್ರೆ ಎಲ್ಲಿದೆ ಎಂದು ಹೋಗಿ ನೋಡದೆ ಬಿಟ್ಟುಬಂದರೆ, ರಸ್ತೆಗೆ ಬಿಟ್ಟದ್ದಕ್ಕಿಂತ ಅದು ಹೆಚ್ಚು ಬೇರೆಯಲ್ಲ.

ರಸ್ತೆಗೆ ಬಿಡುವುದು ಅಪರಾಧ ಎಂದು ಬಹಳ ಜನರಿಗೆ ಗೊತ್ತಿಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ 11ನೇ ಸೆಕ್ಷನ್ ಪ್ರಕಾರ ಹಸಿವು ಬಾಯಾರಿಕೆಯಿಂದ ನರಳುವ ಸಾಧ್ಯತೆ ಇರುವಂತೆ, ಸರಿಯಾದ ಕಾರಣವಿಲ್ಲದೆ ಪ್ರಾಣಿಯನ್ನು ತೊರೆಯುವುದು ಶಿಕ್ಷಾರ್ಹ. ಶಿಕ್ಷೆ ಎಷ್ಟು? ಮೊದಲ ಸಲ 10ರಿಂದ 50 ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. 1960ರಲ್ಲಿ ಐವತ್ತು ರೂಪಾಯಿಗೆ ಬೆಲೆ ಇತ್ತು. ಇಂದು ಇಪ್ಪತ್ತು ಸಾವಿರ ಕೊಟ್ಟು ತಂದ ಮರಿಯನ್ನು ಲಿಂಗಾಂಬುಧಿ ಕೆರೆಯ ದಾರಿಯಲ್ಲಿ ಇಳಿಸಿ ಹೋಗುವವರನ್ನು ಈ ದಂಡ ತಡೆಯಲಾರದು. ಬೀದಿನಾಯಿಯನ್ನು ದತ್ತು ತೆಗೆದುಕೊಂಡವರು ಅದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳಬೇಕು ಎಂದು ಸುಪ್ರೀಂ ಕೋರ್ಟ್ ಆಗಸ್ಟ್ 22ರ ಆದೇಶದಲ್ಲಿ ಹೇಳಿದೆ. ದುಡ್ಡು ಕೊಟ್ಟು ನಾಯಿ ತಂದವರ ಹೊಣೆಯೂ ಅಷ್ಟೇ ಸ್ಪಷ್ಟವಾಗಬೇಕು. ದಂಡ ಏರಲೇಬೇಕು.

ಆದರೆ ದಂಡವನ್ನಷ್ಟೇ ಏರಿಸಿ, ಒಪ್ಪಿಸುವ ದಾರಿಯನ್ನು ಮುಚ್ಚಿದರೆ ಇನ್ನೂ ಕತ್ತಲಾದ ಮೇಲೆ ಬಿಡುತ್ತಾರೆ, ಇನ್ನೂ ದೂರ ಹೋಗಿ ಬಿಡುತ್ತಾರೆ. ಹಗಲಲ್ಲಿ ಗೇಟಿಗೆ ಬಂದು, ಹೆಸರು ಹೇಳಿ, ನನ್ನಿಂದ ಆಗುತ್ತಿಲ್ಲ ಎನ್ನುವವರನ್ನು ಎಲ್ಲರೆದುರು ಅವಮಾನಿಸುವುದು, ಅವರ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹರಡುವುದು ನನಗೆ ತಪ್ಪಾಗಿ ಕಾಣುತ್ತದೆ. ಅದನ್ನು ನೋಡಿದ ಮುಂದಿನವರು ಗೇಟಿಗೆ ಬರುವುದಿಲ್ಲ. ರಾತ್ರಿ ಹೆಣ್ಣು ಮರಿಗಳನ್ನು ರಟ್ಟಿನ ಡಬ್ಬದಲ್ಲಿಟ್ಟು ಹೋಗುತ್ತಾರೆ, ನಾಯಿಯನ್ನು ಗೇಟಿನ ಕಂಬಿಗೆ ಕಟ್ಟಿ ಹೋಗುತ್ತಾರೆ. ಅದರ ವಯಸ್ಸು, ಕಾಯಿಲೆ, ಯಾರನ್ನಾದರೂ ಕಚ್ಚಿದೆಯೇ ಎಂಬ ಒಂದು ಮಾಹಿತಿಯೂ ಸಿಗುವುದಿಲ್ಲ.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳ ಸಂವರ್ಧನೆ, ಮಾರಾಟ ನಿಲ್ಲಿಸಲು ಸುತ್ತೋಲೆ ಹೊರಡಿಸಿತು. ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ರಾಟ್‌ವೀಲರ್ ಸಾಕಿದವರಲ್ಲಿ ಇಂದಿಗೂ ಆ ಸುತ್ತೋಲೆಯ ಭಯ ಉಳಿದಿದ್ದರೆ, ಆ ಒಂದು ಕಾರಣಕ್ಕೆ ನಾಯಿ ಬಿಡುವ ಅಗತ್ಯವಿಲ್ಲ.

ಮೆಟ್ಟಿಲುಗಳು ಯಾವುವು? ಮೊದಲನೆಯದು ಸಮಯ. ನಾಯಿಯನ್ನು ಬಿಡಬೇಕಾಗಬಹುದು ಎಂದು ಅನ್ನಿಸಿದ ದಿನವೇ ಶೆಲ್ಟರಿಗೆ ಫೋನ್ ಮಾಡಿ, ದಿನ ಗೊತ್ತುಮಾಡಿಕೊಂಡು ಬರುವ ಪದ್ಧತಿ ಬೇಕು. ಆ ನಡುವೆ ನಾಯಿ ತನ್ನ ಮನೆಯಲ್ಲೇ ಇದ್ದು, ಅದರ ಫೋಟೋ, ಗುಣ, ಲಸಿಕೆಯ ವಿವರಗಳನ್ನು ಶೆಲ್ಟರಿನವರೇ ದತ್ತು ಕೇಳಿದವರಿಗೆ ತಲುಪಿಸಬೇಕು. ಮನೆಯಿಂದ ನೇರ ಇನ್ನೊಂದು ಮನೆಗೆ ಹೋದ ನಾಯಿಗೆ ಪಂಜರ ನೋಡುವ ಕಷ್ಟವೇ ತಪ್ಪುತ್ತದೆ. ಹೊರದೇಶಗಳ ಅನೇಕ ಶೆಲ್ಟರುಗಳು ಈಗ ಹೀಗೆಯೇ ಕೆಲಸ ಮಾಡುತ್ತಿವೆ. ಎರಡನೆಯದು ತಾತ್ಕಾಲಿಕ ಆಸರೆ. ಮಾಲೀಕರು ಆಸ್ಪತ್ರೆಯಲ್ಲಿರುವ ಒಂದು ತಿಂಗಳು ನಾಯಿಯನ್ನು ಇಟ್ಟುಕೊಳ್ಳಲು ಸಿದ್ಧವಿರುವ ಮನೆಗಳ ಪಟ್ಟಿ ಪ್ರತಿ ಬಡಾವಣೆಯಲ್ಲೂ ಇರಬಹುದು. ವಾಕಿಂಗ್ ಹೋಗುವಾಗ ಪರಿಚಯವಾದ ನಾಯಿ ಸಾಕುವವರ ಗುಂಪುಗಳೇ ಇದನ್ನು ಶುರು ಮಾಡಬಲ್ಲವು. ಖರ್ಚಿನ ಭಾರಕ್ಕೆ ಬಿಡುವವರಿಗೆ ಸರ್ಕಾರಿ ಪಶು ಆಸ್ಪತ್ರೆಯ ದಾರಿ ತೋರಿಸಬೇಕು. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುಮಾರಿಗೆ ಪಶುಪಾಲನಾ ಇಲಾಖೆ ಉಚಿತವಾಗಿ ಲಸಿಕೆ ಹಾಕುತ್ತದೆ. ಸಾಕುನಾಯಿಗಳ ಸಂತಾನಹರಣಕ್ಕೂ ಅಂಥದೇ ಶಿಬಿರಗಳು ನಡೆದರೆ ಡಬ್ಬದಲ್ಲಿ ಬಂದು ಬೀಳುವ ಮರಿಗಳೇ ಕಡಿಮೆಯಾಗುತ್ತವೆ.

ಸ್ವತಃ ಹೊಸ ಮನೆ ಹುಡುಕುವವರು ಒಂದು ಅಪಾಯವನ್ನು ತಿಳಿದಿರಬೇಕು. "ಉಚಿತವಾಗಿ ಕೊಡುತ್ತೇವೆ" ಎಂದು ಹೆಣ್ಣು ತಳಿ ನಾಯಿಯ ಫೋಟೋ ಹಾಕಿದರೆ ಬೇಗ ಫೋನ್ ಮಾಡುವವರಲ್ಲಿ ಮರಿ ಮಾರಾಟದ ದಂಧೆಯವರೂ ಇರುತ್ತಾರೆ. ವರ್ಷಕ್ಕೆ ಎರಡು ಸಲ ಮರಿ ಹಾಕಿಸಿ, ಮೈ ಸೋತ ಮೇಲೆ ಅವರೂ ಅದನ್ನು ರಸ್ತೆಗೇ ಬಿಡುತ್ತಾರೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಯೇ ಕೊಡುವುದು, ಕೊಡುವ ಮುನ್ನ ಅವರ ಮನೆ ನೋಡುವುದು, ಆಧಾರ್ ಪ್ರತಿ ಇಟ್ಟುಕೊಂಡು ಒಂದು ಕಾಗದ ಬರೆಸುವುದು, ಆಗದಿದ್ದರೆ ವಾಪಸ್ ನಮಗೇ ಕೊಡಿ ಎಂದು ಹೇಳುವುದು ಅತಿಯೇನಲ್ಲ.

ನಮ್ಮ ನಾಡಿನ ಗಿಳಿ, ನಕ್ಷತ್ರ ಆಮೆ ಇಟ್ಟುಕೊಂಡವರ ಪ್ರಶ್ನೆ ಬೇರೆ. ಅವನ್ನು ಮನೆಯಲ್ಲಿ ಸಾಕುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ. ಅವು ಹೋಗಬೇಕಾದ್ದು ಅರಣ್ಯ ಇಲಾಖೆಗೆ. ಅಕ್ವೇರಿಯಂ ಅಂಗಡಿಯಿಂದ ತಂದ, ಕಿವಿಯ ಬಳಿ ಕೆಂಪು ಪಟ್ಟೆಯಿರುವ ವಿದೇಶಿ ಆಮೆಗಳನ್ನು ಕೆರೆಗೆ ಬಿಡಲೇಬಾರದು. ನಮ್ಮ ಕೆರೆಗಳ ಆಮೆ, ಮೀನುಗಳಿಗೆ ಅವು ಕಂಟಕ.

ಎಲ್ಲ ದಾರಿ ನೋಡಿದ ಮೇಲೂ ಶೆಲ್ಟರೇ ಗತಿ ಎಂದಾದರೆ, ಒಪ್ಪಿಸುವ ಕಾಗದಕ್ಕೆ ಸಹಿ ಹಾಕಿದ ಮೇಲೆ ನಾಯಿಯ ಮೇಲೆ ನಿಮಗೆ ಹಕ್ಕಿರುವುದಿಲ್ಲ ಎಂಬುದನ್ನು ಮನೆಯವರೆಲ್ಲ ಕೂತು ಒಪ್ಪಿಕೊಂಡು ಹೋಗಬೇಕು. ಲಸಿಕೆಗಳನ್ನು ಎರಡು ವಾರ ಮೊದಲೇ ಮುಗಿಸಿ. ಅದು ಮಲಗುವ ಹಳೆಯ ಬೆಡ್‌ಶೀಟು, ತಿನ್ನುವ ಆಹಾರದ ಒಂದಿಷ್ಟು ಭಾಗ, ಔಷಧಿ ಚೀಟಿಗಳನ್ನು ಜೊತೆಗೆ ಕೊಡಿ. ಪಟಾಕಿಗೆ ಹೆದರುತ್ತದೆಯೇ, ಗಂಡಸರನ್ನು ಕಂಡರೆ ಆಗುವುದಿಲ್ಲವೇ, ಬೆಕ್ಕಿನ ಜೊತೆ ಹೊಂದುತ್ತದೆಯೇ ಎಂಬುದನ್ನೆಲ್ಲ ಬರೆದುಕೊಡಿ. ಮುಖ್ಯವಾಗಿ, ಕಚ್ಚಿದ್ದರೆ ಮುಚ್ಚಿಡಬೇಡಿ. ದೇಶದಲ್ಲಿ ರೇಬೀಸ್ ಇನ್ನೂ ಜೀವ ತೆಗೆಯುತ್ತಿರುವಾಗ ಇದು ಸಣ್ಣ ವಿಷಯವಲ್ಲ. ಯಾರನ್ನಾದರೂ ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಬೇಕು, ಆ ಅವಧಿಯಲ್ಲಿ ಅದನ್ನು ಎಲ್ಲಿಗೂ ಸಾಗಿಸಬಾರದು, ಕಚ್ಚಿಸಿಕೊಂಡವರು ನಾಯಿ ಆರೋಗ್ಯವಾಗಿ ಕಂಡರೂ ಕಾಯದೆ ಗಾಯವನ್ನು ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು. ನಿಜ ಹೇಳಿದರೆ ತಗೊಳ್ಳುವುದಿಲ್ಲ ಎಂಬ ಭಯದಿಂದ "ಏನೂ ಮಾಡಲ್ಲ ಸಾರ್, ಮಗು ಥರ" ಎಂದು ಹೇಳಿ ಬಿಟ್ಟುಹೋದರೆ, ಮರುದಿನ ಊಟ ಹಾಕಲು ಕೈ ಚಾಚುವ ಹುಡುಗ ಅದರ ಬೆಲೆ ತೆರುತ್ತಾನೆ.

ಬೀದಿನಾಯಿಗಳ ಶೆಲ್ಟರಿಗೆ ಜಾಗ, ಹಣ ಹೊಂದಿಸುವ ಕೆಲಸ ಈಗ ಪಾಲಿಕೆಯ ಮುಂದಿದೆ. ಆ ಯೋಜನೆ ಬರೆಯುವಾಗಲೇ ಸಾಕುಪ್ರಾಣಿ ಒಪ್ಪಿಸುವವರಿಗೆ ಒಂದು ಫೋನ್ ನಂಬರು, ಕರೆಗೆ ಉತ್ತರಿಸಲು ತರಬೇತಿಯಾದ ಇಬ್ಬರು, ಹೊಸದಾಗಿ ಬಂದ ಪ್ರಾಣಿಗಳನ್ನು ಎರಡು ವಾರ ಪ್ರತ್ಯೇಕವಾಗಿಡುವ ಕೋಣೆ ಇವಿಷ್ಟನ್ನು ಸೇರಿಸಬೇಕು. ಮಂಡ್ಯದವರೂ ಇದೇ ಬೇಡಿಕೆಯನ್ನು ತಮ್ಮ ನಗರಾಡಳಿತದ ಮುಂದಿಡಬೇಕು. ಅಲ್ಲಿನ ನಾಯಿಗಳೂ ಮೈಸೂರಿನ ಗೇಟಿಗೇ ಬಂದು ನಿಲ್ಲುವಂತಾದರೆ ಎರಡೂ ಊರಿಗೆ ಸಾಲುವಷ್ಟು ಜಾಗ ಇಲ್ಲಿಲ್ಲ.